ಹಿಂಸಾದಾನದ ಕಾಗದಗಳು

ಪದಗಳ ವಿಷಯದಲ್ಲಿ ಮಿಕ್ಕವರಿಗಿಂತ ಹೆಚ್ಚು ಎಚ್ಚರವಾಗಿರಬೇಕಾದವರು ಸಾಹಿತ್ಯದ ಅಧ್ಯಯನ ಮಾಡುವ ನಾವು. ಆದುದರಿಂದ ಒಂದು ಪದದಿಂದಲೇ ಆರಂಭಿಸುತ್ತೇನೆ. ಅಂತರ್ಯುದ್ಧಗಳ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳು ‘ಅಕ್ರಮ ಶಸ್ತ್ರಾಸ್ತ್ರ ವ್ಯಾಪಾರ’ ಎಂದು ಬರೆಯುತ್ತವೆ. ಓದಿದವನ ಕಣ್ಣ ಮುಂದೆ ಒಂದು ಚಿತ್ರ ಮೂಡುತ್ತದೆ: ಕತ್ತಲೆಯ ಕಡಲತೀರ, ದೀಪವಾರಿಸಿದ ದೋಣಿ, ಮುಖ ಮುಚ್ಚಿಕೊಂಡ ನಾಲ್ಕು ಜನ. ಈ ಚಿತ್ರ ಸುಳ್ಳು. ಸುಳ್ಳೆಂದರೆ ಅಂತಹುದು ಎಲ್ಲಿಯೂ ನಡೆಯುವುದಿಲ್ಲವೆಂದಲ್ಲ. ದೊಡ್ಡ ಪ್ರಮಾಣದಲ್ಲಿ ಜನರನ್ನು ಕೊಂದ ಬಂದೂಕುಗಳು ಆ ದಾರಿಯಲ್ಲಿ ಬಂದವಲ್ಲ ಎಂಬ ಅರ್ಥದಲ್ಲಿ ಸುಳ್ಳು. ಅವು ಹಗಲಿನಲ್ಲಿ, ಸರಕು ವಿಮಾನದಲ್ಲಿ, ಮೊಹರು ಬಿದ್ದ ಕಾಗದಗಳೊಡನೆ ಬಂದವು.

ಕ್ರಮವಿಲ್ಲದ್ದು ಅಕ್ರಮ. ಆದರೆ ಈ ವ್ಯಾಪಾರದಲ್ಲಿ ಇರುವುದೆಲ್ಲ ಕ್ರಮವೇ. ಕರ್ನಾಟಕದ ಓದುಗರಿಗೆ ‘ಅಕ್ರಮ–ಸಕ್ರಮ’ ಎಂಬ ಜೋಡಿಪದ ಚೆನ್ನಾಗಿ ಪರಿಚಿತ. ಪರವಾನಗಿಯಿಲ್ಲದೆ ಎದ್ದ ಕಟ್ಟಡಕ್ಕೆ, ಸಾಗುವಳಿ ಮಾಡಿಕೊಂಡ ಸರ್ಕಾರಿ ಜಮೀನಿಗೆ, ದಂಡ ಕಟ್ಟಿಸಿಕೊಂಡು ಸರ್ಕಾರ ಮುದ್ರೆ ಒತ್ತುತ್ತದೆ, ಅಕ್ರಮವಾಗಿದ್ದುದು ಸಕ್ರಮವಾಗುತ್ತದೆ. ಆಯುಧದ ಪಯಣ ಇದಕ್ಕೆ ತಿರುವುಮುರುವು. ಅದು ಸಕ್ರಮವಾಗಿಯೇ ಹುಟ್ಟುತ್ತದೆ. ಸರ್ಕಾರದ ಕಾರ್ಖಾನೆಯಲ್ಲಿ, ಇಲ್ಲವೆ ಸರ್ಕಾರದ ಸನ್ನದು ಪಡೆದ ಕಾರ್ಖಾನೆಯಲ್ಲಿ, ಸಂಖ್ಯೆ ಕೊರೆಸಿಕೊಂಡು ಹೊರಬೀಳುತ್ತದೆ. ದಾರಿಯ ಯಾವುದೋ ಒಂದು ಘಟ್ಟದಲ್ಲಿ, ಕಾಗದದ ಮೇಲಿನ ಹೆಸರು ಒಂದು, ಪೆಟ್ಟಿಗೆ ಇಳಿದ ನೆಲ ಇನ್ನೊಂದು ಎಂದಾದ ಕ್ಷಣದಲ್ಲಿ, ಅದು ಅಕ್ರಮವಾಗುತ್ತದೆ. ಆ ಘಟ್ಟಕ್ಕಿಂತ ಹಿಂದಿನವರೆಲ್ಲರೂ ‘ನಮ್ಮ ಕಡೆಯಿಂದ ಎಲ್ಲವೂ ಸರಿಯಾಗಿತ್ತು’ ಎನ್ನುತ್ತಾರೆ. ‘ಅಕ್ರಮ’ ಎಂಬ ವಿಶೇಷಣ ಅವರೆಲ್ಲರಿಗೂ ಕೊಡುವ ಬಿಡುಗಡೆಯ ಪತ್ರವಾಗಿದೆ. ನನ್ನ ತಕರಾರು ಇರುವುದು ಈ ಬಿಡುಗಡೆಯ ಮೇಲೆ.

ಸಾಮಾನ್ಯವಾದ ಮಾತುಗಳಿಂದ ಇದನ್ನು ಸಾಧಿಸಲಾಗದು. ಒಂದೇ ಒಂದು ರವಾನೆಯನ್ನು ಹಿಡಿದು ನೋಡೋಣ.

ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶದಲ್ಲಿ 1991ರಿಂದ 2002ರ ಜನವರಿಯವರೆಗೆ ಅಂತರ್ಯುದ್ಧ ನಡೆಯಿತು. ಸತ್ತವರು ಸುಮಾರು 50,000 ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಬಂಡುಕೋರರ ಪಡೆಯ ಹೆಸರು ರೆವಲ್ಯೂಷನರಿ ಯುನೈಟೆಡ್ ಫ್ರಂಟ್. ಅದರ ನಾಯಕ ಫೋಡೆ ಸಂಕೋ. ನೆರೆಯ ಲೈಬೀರಿಯಾದ ಚಾರ್ಲ್ಸ್ ಟೇಲರ್, ಮೊದಲು ತಾನೇ ಬಂಡುಕೋರನಾಗಿ, 1997ರಿಂದ ಚುನಾಯಿತ ಅಧ್ಯಕ್ಷನಾಗಿ, ಈ ಪಡೆಯ ಪೋಷಕನಾಗಿದ್ದ. ಜನರ ಕೈಗಳನ್ನು ಕಡಿದುಹಾಕುವುದು ಈ ಪಡೆಯ ಕುಖ್ಯಾತ ಪದ್ಧತಿ. 1996ರ ಚುನಾವಣೆಯಲ್ಲಿ ಮತ ಹಾಕಿದ ಕೈ ಎಂಬುದೇ ಕಾರಣವಾಗಿ ಕೈ ಕಳೆದುಕೊಂಡವರಿದ್ದಾರೆ. ಎರಡು ದೇಶಗಳಲ್ಲಿಯೂ ಸೈನಿಕ ಬಂದೂಕು ತಯಾರಿಸುವ ಕಾರ್ಖಾನೆ ಒಂದೂ ಇರಲಿಲ್ಲ. ಲೈಬೀರಿಯಾಕ್ಕೆ ಆಯುಧ ಮಾರಬಾರದೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1992ರಲ್ಲಿಯೇ ನಿಷೇಧ ಹೇರಿತ್ತು. ಸಿಯೆರಾ ಲಿಯೋನಿನ ಬಂಡುಕೋರರಿಗೂ ಅಂತಹುದೇ ನಿಷೇಧ 1998ರಲ್ಲಿ ಇತ್ತು. ಹಾಗಾದರೆ ಹನ್ನೊಂದು ವರ್ಷ ಬಂದೂಕು ಎಲ್ಲಿಂದ ಬಂತು, ಗುಂಡು ಎಲ್ಲಿಂದ ಬಂತು?

ಈ ಪ್ರಶ್ನೆಗೆ ಉತ್ತರ ಹುಡುಕಲು ಭದ್ರತಾ ಮಂಡಳಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. 2000ದ ಡಿಸೆಂಬರಿನಲ್ಲಿ ಹೊರಬಂದ ಅದರ ವರದಿ ಸಾರ್ವಜನಿಕ ದಾಖಲೆ. ಕಳೆದ ಅರ್ಧ ಶತಮಾನದ ಗದ್ಯದಲ್ಲಿ ಇಷ್ಟು ತಣ್ಣಗೆ ಬರೆದು ಇಷ್ಟು ಕಂಗೆಡಿಸುವ ಬರಹಗಳು ಕಡಿಮೆ ಎಂದು ನನ್ನ ಅನಿಸಿಕೆ. ಅದರಲ್ಲಿ ಬರುವ ಒಂದು ಪ್ರಸಂಗ ಹೀಗಿದೆ.

1999ರ ಮಾರ್ಚ್ ತಿಂಗಳಲ್ಲಿ 68 ಟನ್ ಆಯುಧಗಳು ಉಕ್ರೇನಿನಿಂದ ಬುರ್ಕಿನಾ ಫಾಸೊ ದೇಶದ ರಾಜಧಾನಿ ವಾಗಡೂಗುವಿಗೆ ಬಂದಿಳಿದವು. ಮಾರಿದ್ದು ಉಕ್ರೇನ್ ಸರ್ಕಾರದ ಸ್ವಂತ ರಫ್ತು ಸಂಸ್ಥೆ. ನಡುವಿನ ಖರೀದಿದಾರ ಜಿಬ್ರಾಲ್ಟರಿನಲ್ಲಿ ನೋಂದಾಯಿತವಾದ ಒಂದು ಕಂಪನಿ. ತಂದದ್ದು ಆಂಟೊನೊವ್–124 ಎಂಬ ಬೃಹತ್ ಸರಕು ವಿಮಾನ. ಎಲ್ಲಕ್ಕೂ ಆಧಾರ ಒಂದು ಹಾಳೆ: ‘ಅಂತಿಮ ಬಳಕೆದಾರರ ಪ್ರಮಾಣಪತ್ರ’. ಈ ಆಯುಧಗಳು ನಮ್ಮ ದೇಶದ ರಕ್ಷಣಾ ಇಲಾಖೆಯ ಬಳಕೆಗೇ ಮೀಸಲು, ಬೇರೆಯವರಿಗೆ ಮರುಮಾರಾಟ ಮಾಡುವುದಿಲ್ಲ ಎಂದು ಕೊಳ್ಳುವ ಸರ್ಕಾರ ಬರೆದುಕೊಡುವ ಮುಚ್ಚಳಿಕೆ ಅದು. ರುಜು ಮಾಡಿದವನು ಬುರ್ಕಿನಾ ಫಾಸೊ ಅಧ್ಯಕ್ಷರ ಅಂಗರಕ್ಷಕ ಪಡೆಯ ಮುಖ್ಯಸ್ಥ. ಅದಕ್ಕೆ ಐದು ತಿಂಗಳು ಮೊದಲು, 1998ರ ಅಕ್ಟೋಬರಿನಲ್ಲಿ, ಪಶ್ಚಿಮ ಆಫ್ರಿಕದ ರಾಷ್ಟ್ರಗಳೆಲ್ಲ ಸೇರಿ ಸಣ್ಣ ಆಯುಧಗಳ ಆಮದಿಗೆ ತಾವೇ ತಡೆ ಹಾಕಿಕೊಂಡಿದ್ದವು. ಅದಕ್ಕೆ ಒಪ್ಪಿದವರಲ್ಲಿ ಬುರ್ಕಿನಾ ಫಾಸೊ ಕೂಡ ಇತ್ತು. ಅಷ್ಟೇ ಅಲ್ಲ, ಆ ವರ್ಷ ಆಫ್ರಿಕನ್ ಏಕತಾ ಸಂಘಟನೆಯ ಅಧ್ಯಕ್ಷಸ್ಥಾನದಲ್ಲಿದ್ದವರೂ ಆ ದೇಶದ ಅಧ್ಯಕ್ಷರೇ.

ವಾಗಡೂಗುವಿಗೆ ಇಳಿದ ಪೆಟ್ಟಿಗೆಗಳು ಅಲ್ಲಿ ಹೆಚ್ಚು ದಿನ ಇರಲಿಲ್ಲ. ಅದೇ ತಿಂಗಳೊಳಗೆ ಅವು ಲೈಬೀರಿಯಾದ ರಾಜಧಾನಿ ಮನ್ರೋವಿಯಾಕ್ಕೆ ಹೋದವು. ಹೊತ್ತೊಯ್ದದ್ದು ಲಿಯೊನಿಡ್ ಮಿನಿನ್ ಎಂಬ ದಳ್ಳಾಳಿಯ ಖಾಸಗಿ ಜೆಟ್. ಆ ವಿಮಾನದ ಮೈಮೇಲೆ ಅಮೆರಿಕದ ಬಾಸ್ಕೆಟ್‌ಬಾಲ್ ತಂಡವೊಂದರ ಲಾಂಛನ ಇನ್ನೂ ಅಳಿಸದೆ ಉಳಿದಿತ್ತಂತೆ. ವಿಲಾಸಕ್ಕೆಂದು ಸಜ್ಜುಗೊಳಿಸಿದ ವಿಮಾನ. ಒಂದೇ ಸಲಕ್ಕೆ ಎಲ್ಲವೂ ಹಿಡಿಸದು. ಆದುದರಿಂದ ಹಲವು ಸಲ ಹಾರಾಡಿತು. ಮನ್ರೋವಿಯಾದಿಂದ ಮುಂದೆ ಸಿಯೆರಾ ಲಿಯೋನಿನ ಗಡಿ ದಾಟಿಸುವುದು ಕಷ್ಟವಿರಲಿಲ್ಲ. ಬಂಡುಕೋರರು ರಾಜಧಾನಿ ಫ್ರೀಟೌನಿನೊಳಕ್ಕೆ ನುಗ್ಗಿ ಹತ್ಯಾಕಾಂಡ ನಡೆಸಿ ಆಗ ಕೇವಲ ಎರಡು ತಿಂಗಳಾಗಿತ್ತು.

ಇಲ್ಲಿ ಅಕ್ರಮ ಎಲ್ಲಿ ಆರಂಭವಾಯಿತು? ಉಕ್ರೇನಿನ ಅಧಿಕಾರಿಯನ್ನು ಕೇಳಿದರೆ ಅವನ ಕಡತದಲ್ಲಿ ಪ್ರಮಾಣಪತ್ರವಿದೆ. ವಿಮಾನ ಸಂಸ್ಥೆಯನ್ನು ಕೇಳಿದರೆ ಸರಕಿನ ಪಟ್ಟಿಯಿದೆ, ಇಳಿಸಿದ ವಿಮಾನನಿಲ್ದಾಣ ಕಾಗದದಲ್ಲಿರುವುದೇ. ಬುರ್ಕಿನಾ ಫಾಸೊ ಸರ್ಕಾರ ತಾನು ಏನನ್ನೂ ಮರುರಫ್ತು ಮಾಡಿಲ್ಲವೆಂದಿತು. ಒಬ್ಬೊಬ್ಬರೂ ತಮ್ಮ ಪಾಲಿನ ಕ್ರಮವನ್ನು ಪಾಲಿಸಿದ್ದಾರೆ. ಕ್ರಮಗಳನ್ನೆಲ್ಲ ಕೂಡಿಸಿದರೆ ಬರುವ ಮೊತ್ತ 68 ಟನ್. ಈ ಪ್ರಸಂಗವನ್ನು ‘ಕಳ್ಳಸಾಗಣೆ’ ಎಂದು ಕರೆದುಬಿಟ್ಟರೆ, ವಿಮಾನದ ಮೈಮೇಲಿನ ಲಾಂಛನ ನೆನಪಿನಲ್ಲಿ ಉಳಿಯುತ್ತದೆ. ಮಾರಿದ ಸರ್ಕಾರ ಮರೆತುಹೋಗುತ್ತದೆ.

ಮುಂದಿನ ಕಥೆಯೂ ತಿಳಿದಿರಲಿ. 2000ದ ಆಗಸ್ಟಿನಲ್ಲಿ ಇಟಲಿಯ ಮಿಲಾನ್ ಸಮೀಪದ ಹೋಟೆಲೊಂದರಲ್ಲಿ ಪೊಲೀಸರು ಮಿನಿನ್‌ನನ್ನು ಹಿಡಿದರು. ಅವರು ಹೋದದ್ದು ಮಾದಕ ವಸ್ತುವಿನ ಸುಳಿವಿನ ಮೇಲೆ. ಸಿಕ್ಕಿದ್ದು ವಜ್ರಗಳು ಮತ್ತು ನೂರಾರು ಪುಟಗಳ ದಾಖಲೆಗಳು. ಅದರಲ್ಲಿ ಇನ್ನೊಂದು ರವಾನೆಯ ಸುಳಿವಿತ್ತು: ಐವರಿ ಕೋಸ್ಟ್‌ನ ಸೈನಿಕ ಆಡಳಿತಗಾರನ ಹೆಸರಿನ ಪ್ರಮಾಣಪತ್ರದ ಮೇಲೆ ಉಕ್ರೇನಿನಿಂದ ಅಬಿಜಾನ್‌ಗೆ ಬಂದ 113 ಟನ್ ಗುಂಡುಗಳು, ಸಂಖ್ಯೆಯಲ್ಲಿ 50 ಲಕ್ಷ; ಅವುಗಳಲ್ಲಿ ಒಂದು ಪಾಲು ಲೈಬೀರಿಯಾಕ್ಕೆ ಹೋಯಿತು. ಇಷ್ಟೆಲ್ಲ ಕೈಯಲ್ಲಿದ್ದರೂ ಆಯುಧ ವ್ಯಾಪಾರದ ಆರೋಪದ ಮೇಲೆ ಅವನನ್ನು ಶಿಕ್ಷಿಸಲು ಇಟಲಿಯ ನ್ಯಾಯಾಲಯಗಳಿಗೆ ಆಗಲಿಲ್ಲ. ಕಾರಣ, ಆಯುಧಗಳು ಇಟಲಿಯ ನೆಲವನ್ನು ಮುಟ್ಟಿರಲಿಲ್ಲ. ಆದುದರಿಂದ ನಮಗೆ ಅಧಿಕಾರವ್ಯಾಪ್ತಿ ಇಲ್ಲ ಎಂದು ತೀರ್ಪಾಯಿತು. ನ್ಯಾಯಾಧೀಶರು ಕಾನೂನನ್ನು ಸರಿಯಾಗಿಯೇ ಓದಿರಬಹುದು. ಇಲ್ಲಿಯೂ ಕ್ರಮ ತಪ್ಪಲಿಲ್ಲ.

ಆ 50 ಲಕ್ಷ ಗುಂಡುಗಳು ಅಬಿಜಾನ್‌ಗೆ ಬಂದದ್ದು 2000ದ ಜುಲೈ ತಿಂಗಳಲ್ಲಿ. ಅದೇ ಜುಲೈನಲ್ಲಿ ಸಿಯೆರಾ ಲಿಯೋನಿನ ಕೈಲಾಹುನ್ ಎಂಬ ಊರಿನಲ್ಲಿ ಸುಮಾರು 220 ಭಾರತೀಯ ಶಾಂತಿಪಾಲನಾ ಸೈನಿಕರು, ಬಹುಪಾಲು ಗೂರ್ಖಾ ರೈಫಲ್ಸ್‌ಗೆ ಸೇರಿದವರು, ಬಂಡುಕೋರರ ಮುತ್ತಿಗೆಯೊಳಗೆ ಇದ್ದರು. ಮೇ ತಿಂಗಳಲ್ಲಿ ಆರಂಭವಾದ ಮುತ್ತಿಗೆ 75 ದಿನ ನಡೆಯಿತು. ಮೇಜರ್ ಜನರಲ್ ವಿಜಯ್ ಕುಮಾರ್ ಜೇಟ್ಲಿಯವರ ನೇತೃತ್ವದಲ್ಲಿ ‘ಆಪರೇಷನ್ ಖುಕ್ರಿ’ ನಡೆದು ಅವರು ಹೊರಬಂದರು. ನಮ್ಮ ಪತ್ರಿಕೆಗಳು ಆಗ ಸೈನಿಕರ ಶೌರ್ಯವನ್ನು ಕೊಂಡಾಡಿದವು, ಕೊಂಡಾಡಬೇಕಾದದ್ದೇ. ಮುತ್ತಿಗೆ ಹಾಕಿದವರ ಕೈಗೆ ಗುಂಡು ತುಂಬಿದವರು ಯಾರೆಂದು ಕನ್ನಡದಲ್ಲಿ ಯಾರಾದರೂ ವಿಚಾರಿಸಿದ್ದನ್ನು ನಾನು ಓದಿಲ್ಲ. ಆಫ್ರಿಕದ ‘ಜನಾಂಗೀಯ ಕಲಹ’ ಎಂಬ ಒಂದು ಸಿದ್ಧಪದ ನಮ್ಮಲ್ಲಿದೆ. ಅದನ್ನು ಒಂದು ಸಲ ಬರೆದರೆ ಮುಂದೆ ಯೋಚಿಸುವ ಕೆಲಸ ಮುಗಿಯುತ್ತದೆ. ಸಿಯೆರಾ ಲಿಯೋನಿನ ಯುದ್ಧವನ್ನು ಬುಡಕಟ್ಟುಗಳ ಜಗಳವೆನ್ನುವುದು ವಾಸ್ತವವಾಗಿಯೂ ತಪ್ಪು. ಬಂಡುಕೋರರಿಗೆ ಬಲಿಯಾದ ಹಳ್ಳಿಗರೂ ಬಂಡುಕೋರರೂ ಎಷ್ಟೋ ಕಡೆ ಒಂದೇ ನುಡಿಯವರು.

ಒಂದು ಆಕ್ಷೇಪಣೆಯನ್ನು ಇಲ್ಲಿಯೇ ಎದುರಿಸಬೇಕು. ಕೈ ಕಡಿದದ್ದು ಮಚ್ಚಿನಿಂದ. ಮಚ್ಚು ಪ್ರತಿ ರೈತನ ಮನೆಯಲ್ಲಿಯೂ ಇರುತ್ತದೆ. ದ್ವೇಷವಿದ್ದವನಿಗೆ ಆಯುಧ ಯಾವುದಾದರೇನು, ಆಯುಧ ಮಾರಿದವನ ಮೇಲೆ ಗೂಬೆ ಕೂರಿಸುವುದೇಕೆ? ವಿಚಾರಸಂಕಿರಣವೊಂದರಲ್ಲಿ ಯುವ ಸಂಶೋಧಕರೊಬ್ಬರು ನನ್ನನ್ನು ಹೀಗೆ ಕೇಳಿದರು. ಕೇಳಿದ ರೀತಿಯಲ್ಲಿ ಸೌಜನ್ಯವಿತ್ತು, ವಾದದಲ್ಲಿ ಹುರುಳಿರಲಿಲ್ಲ. ಮಚ್ಚು ಹಿಡಿದ ಹತ್ತು ಜನ ಒಂದು ಹಳ್ಳಿಗೆ ಬಂದರೆ, ಹಳ್ಳಿಯವರ ಮನೆಗಳಲ್ಲಿಯೂ ಮಚ್ಚುಗಳಿರುತ್ತವೆ. ಹತ್ತು ಜನ ಓಡಿಹೋಗಬೇಕಾಗುತ್ತದೆ. ಅವರ ಹಿಂದೆ ಎಕೆ–47 ಹಿಡಿದ ನಾಲ್ಕು ಜನ ನಿಂತಿದ್ದರೆ ಮಾತ್ರ ಮುನ್ನೂರು ಜನರ ಹಳ್ಳಿ ಸಾಲಾಗಿ ನಿಂತು ಕೈ ಚಾಚುತ್ತದೆ. ಕಡಿಯುವುದು ಮಚ್ಚು, ಕದಲದಂತೆ ಹಿಡಿಯುವುದು ಬಂದೂಕು. ಇನ್ನೊಂದು ಸಂಗತಿ: ಹತ್ತು ಹನ್ನೆರಡು ವರ್ಷದ ಹುಡುಗರನ್ನು ಸೈನಿಕರನ್ನಾಗಿ ಮಾಡುವುದು ಕತ್ತಿಯ ಕಾಲದಲ್ಲಿ ಸುಲಭವಿರಲಿಲ್ಲ, ಅವರ ತೋಳಿಗೆ ಅಷ್ಟು ಬಲ ಸಾಲದು. ನಾಲ್ಕು ಕಿಲೋ ತೂಕದ, ಕೆಲವು ಗಂಟೆಗಳಲ್ಲಿ ಕಲಿಯಬಹುದಾದ ಯಂತ್ರ ಬಂದ ಮೇಲೆ ಸುಲಭವಾಯಿತು. ಯುದ್ಧ ಮುಗಿದಾಗ ವಿಶ್ವಸಂಸ್ಥೆಯ ಪಡೆ ನಿಶ್ಶಸ್ತ್ರಗೊಳಿಸಿದ ಸುಮಾರು 75,000 ಜನರಲ್ಲಿ ಸಾವಿರಾರು ಮಕ್ಕಳಿದ್ದರು. ಅವರಿಂದ ವಶಪಡಿಸಿಕೊಂಡ ಆಯುಧಗಳು 42,000ಕ್ಕೂ ಹೆಚ್ಚು. ಸ್ವದ್ವೇಷ ಸ್ವಂತದ್ದಾದರೂ ಆ 42,000ದಲ್ಲಿ ಬಹುತೇಕ ಎಲ್ಲವೂ ಹೊರಗಿನವು.

ಇನ್ನೊಂದು ವಾದ ಹೆಚ್ಚು ನಾಜೂಕಾದದ್ದು. ಇದೆಲ್ಲ ಕೆಲವು ದುಷ್ಟ ದಳ್ಳಾಳಿಗಳ ಕೆಲಸ, ಅವರನ್ನು ಹಿಡಿದರೆ ಮುಗಿಯಿತು ಎಂಬುದು. ವಿಕ್ಟರ್ ಬೌಟ್‌ನ ಹೆಸರನ್ನು ಕೇಳದವರು ಕಡಿಮೆ. ಅವನ ಜೀವನದ ನೆರಳಿರುವ ಹಾಲಿವುಡ್ ಚಿತ್ರವನ್ನು ನಮ್ಮ ವಿದ್ಯಾರ್ಥಿಗಳು ನೋಡಿರುತ್ತಾರೆ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಅಗ್ಗಕ್ಕೆ ಸಿಕ್ಕ ಸರಕು ವಿಮಾನಗಳಿಂದ ಅಂಗೋಲಾ, ಲೈಬೀರಿಯಾ ಮೊದಲಾದ ಕಡೆಗಳಿಗೆ ಆಯುಧ ಹೊತ್ತವನು ಅವನು. ಅವನನ್ನು 2008ರಲ್ಲಿ ಬ್ಯಾಂಕಾಕಿನಲ್ಲಿ ಹಿಡಿದರು; 2012ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ 25 ವರ್ಷ ಶಿಕ್ಷೆ ವಿಧಿಸಿತು. ಯಾವ ಅಪರಾಧಕ್ಕೆ? ಆಫ್ರಿಕದಲ್ಲಿ ಸತ್ತ ಒಬ್ಬನೇ ಒಬ್ಬನ ವಿಷಯವೂ ಆ ಆರೋಪಪಟ್ಟಿಯಲ್ಲಿರಲಿಲ್ಲ. ಕೊಲಂಬಿಯಾದ ಬಂಡುಕೋರರ ವೇಷ ಹಾಕಿ ಬಂದ ಅಮೆರಿಕದ ಮಾಹಿತಿದಾರರಿಗೆ ಕ್ಷಿಪಣಿ ಮಾರಲು ಒಪ್ಪಿದನೆಂಬುದು ಅಪರಾಧ. ಎಂದರೆ, ತಲುಪಿದ ಆಯುಧಗಳಿಗಾಗಿ ಶಿಕ್ಷೆಯಾಗಲಿಲ್ಲ. ಎಂದೂ ತಲುಪದ ಆಯುಧಗಳಿಗಾಗಿ ಆಯಿತು. ಅದಕ್ಕೂ ಮೊದಲು, ಇರಾಕಿನ ಆಕ್ರಮಣದ ನಂತರ, ಅವನ ಜಾಲಕ್ಕೆ ಸೇರಿದ ವಿಮಾನಗಳೇ ಅಮೆರಿಕದ ಗುತ್ತಿಗೆದಾರರ ಸರಕನ್ನು ಬಾಗ್ದಾದಿಗೆ ಹೊತ್ತಿದ್ದವು. 2022ರ ಡಿಸೆಂಬರಿನಲ್ಲಿ ಬಾಸ್ಕೆಟ್‌ಬಾಲ್ ಆಟಗಾರ್ತಿಯೊಬ್ಬರ ಬಿಡುಗಡೆಗೆ ಪ್ರತಿಯಾಗಿ ಅವನನ್ನು ರಷ್ಯಕ್ಕೆ ಒಪ್ಪಿಸಿದರು. ದಳ್ಳಾಳಿ ಅಷ್ಟು ಬೆಲೆಬಾಳುವವನಾಗುವುದು ಅವನಿಂದ ಕೆಲಸ ಮಾಡಿಸಿಕೊಳ್ಳುವ ಸರ್ಕಾರಗಳು ಇರುವುದರಿಂದ.

ನ್ಯಾಯ ಎಲ್ಲಿಯೂ ನಡೆಯಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ ಸಿಯೆರಾ ಲಿಯೋನಿನ ವಿಶೇಷ ನ್ಯಾಯಾಲಯ 50 ವರ್ಷ ಶಿಕ್ಷೆ ವಿಧಿಸಿತು. ಮರುವರ್ಷ ಮೇಲ್ಮನವಿಯಲ್ಲಿಯೂ ಅದು ಉಳಿಯಿತು. ಈ ತೀರ್ಪಿನ ಮಹತ್ವವನ್ನು ಗಮನಿಸಬೇಕು. ಅವನು ಸ್ವತಃ ಯಾರ ಕೈಯನ್ನೂ ಕಡಿದವನಲ್ಲ. ಕಡಿದವರಿಗೆ ಆಯುಧ, ಹಣ, ಸಲಹೆ ಕೊಟ್ಟವನು. ನೆರವು ನೀಡಿದ್ದು, ಸಂಚಿನಲ್ಲಿ ಪಾಲುಗೊಂಡದ್ದು ಅವನ ಅಪರಾಧ. ಕೊಟ್ಟವನೂ ಕೊಂದವನೇ ಎಂದು ನ್ಯಾಯಾಲಯ ಒಪ್ಪಿತು. ಲೈಬೀರಿಯಾದಲ್ಲಿ ಮರದ ವ್ಯಾಪಾರ ಮಾಡಿಕೊಂಡು ಟೇಲರ್‌ಗೆ ಆಯುಧ ಸಾಗಿಸಿದ ಡಚ್ ವ್ಯಾಪಾರಿಯೊಬ್ಬನಿಗೂ 2017ರಲ್ಲಿ ಅವನ ದೇಶದ ನ್ಯಾಯಾಲಯ 19 ವರ್ಷ ವಿಧಿಸಿತು. ಅವನು ದಕ್ಷಿಣ ಆಫ್ರಿಕದಲ್ಲಿ ಕುಳಿತಿದ್ದುದರಿಂದ ಶಿಕ್ಷೆ ಕಾಗದದಲ್ಲಿಯೇ ಉಳಿಯಿತು. ಆದರೆ ಟೇಲರ್‌ಗೆ ಕೊಟ್ಟವರಿಗೆ ಕೊಟ್ಟವರು? ರಫ್ತು ಸನ್ನದಿಗೆ ಸಹಿ ಮಾಡಿದವರು? ‘ಕೊಟ್ಟವನೂ ಕೊಂದವನೇ’ ಎಂಬ ತತ್ತ್ವ ಆ ಮೆಟ್ಟಿಲನ್ನು ಏರಲಿಲ್ಲ.

ಏರಬೇಕಾಗಿತ್ತು ಎಂದು ನಾನು ಹೇಳುವುದು ಹೊಸ ಮಾತಲ್ಲ. ಕೊಡುವವನ ಹೊಣೆಯನ್ನು ಪ್ರತ್ಯೇಕವಾಗಿ ಹೆಸರಿಸಿದ ಚಿಂತನೆ ನಮ್ಮ ಹಳೆಯ ಗ್ರಂಥಗಳಲ್ಲಿದೆ. ಅಧ್ಯಯನಕಾರರು ಅದನ್ನು ‘ಧಾರ್ಮಿಕ ಸಾಹಿತ್ಯ’ವೆಂದು ಬದಿಗಿಟ್ಟಿರುವುದರಿಂದ ಕಣ್ಣಿಗೆ ಬೀಳುತ್ತಿಲ್ಲ. ಶ್ರಾವಕಾಚಾರ ಗ್ರಂಥಗಳು ಗೃಹಸ್ಥನು ಬಿಡಬೇಕಾದ ‘ಅನರ್ಥದಂಡ’ಗಳನ್ನು ಐದಾಗಿ ವಿಂಗಡಿಸುತ್ತವೆ. ಅವುಗಳಲ್ಲಿ ಒಂದರ ಹೆಸರು ‘ಹಿಂಸಾದಾನ’. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ, ವಿಷ, ಸಂಕೋಲೆಗಳನ್ನು ಕೊಡುವುದು ಅದರೊಳಗೆ ಬರುತ್ತದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯೂ ಹಿಂಸೆಯ ಉಪಕರಣಗಳನ್ನು ಕೊಡುವುದನ್ನು ಇದೇ ಬಗೆಯಲ್ಲಿ ಹೇಳುತ್ತದೆ. ದಾನವೇ ಬೇರೆ, ವ್ಯಾಪಾರವೇ ಬೇರೆ ಎಂದು ಯಾರಾದರೂ ಕೂದಲು ಸೀಳಿದರೆ, ಹೇಮಚಂದ್ರರ ಯೋಗಶಾಸ್ತ್ರವನ್ನು ತೆರೆಯಬಹುದು; ನಿಷಿದ್ಧ ವೃತ್ತಿಗಳ ಪಟ್ಟಿಯಲ್ಲಿ ಬರುವ ‘ವಿಷವಾಣಿಜ್ಯ’ವನ್ನು ವಿವರಿಸುವಾಗ ಅವರು ವಿಷದ ಪಕ್ಕದಲ್ಲಿಯೇ ಅಸ್ತ್ರವನ್ನು ಇರಿಸಿದ್ದಾರೆ. ಬೌದ್ಧರ ಅಂಗುತ್ತರ ನಿಕಾಯದಲ್ಲಿ ಉಪಾಸಕನು ಮಾಡಬಾರದ ಐದು ವ್ಯಾಪಾರಗಳಲ್ಲಿ ಮೊದಲನೆಯದೇ ಶಸ್ತ್ರದ ವ್ಯಾಪಾರ.

ಇದನ್ನು ಬರೆದವರು ಯುದ್ಧವನ್ನೇ ಕಾಣದ ಮುಗ್ಧರಾಗಿರಲಿಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯ ಗಂಗರ ದಂಡನಾಯಕ. ‘ಸಮರಪರಶುರಾಮ’ ಅವನ ಬಿರುದು. ಗೃಹಸ್ಥಾಚಾರವನ್ನೂ ಯತ್ಯಾಚಾರವನ್ನೂ ಕುರಿತ ಸಂಸ್ಕೃತ ಗ್ರಂಥವೂ ಅವನದೇ. ಯುದ್ಧ ಮಾಡಿದವನೇ ಹಿಂಸಾದಾನವನ್ನು ಬಿಡಬೇಕೆಂಬ ಸಂಪ್ರದಾಯಕ್ಕೆ ಸೇರಿದ್ದುದು ವಿರೋಧಾಭಾಸವೆಂದು ಕೆಲವರಿಗೆ ತೋರುತ್ತದೆ. ನನಗೆ ಹಾಗೆ ತೋರುವುದಿಲ್ಲ. ತನ್ನ ನಾಡಿನ ಮೇಲೆ ಬಿದ್ದವನನ್ನು ಎದುರಿಸುವಾಗ ಆಗುವ ಹಿಂಸೆಗೆ ‘ವಿರೋಧೀ ಹಿಂಸೆ’ ಎಂದು ಬೇರೆ ಹೆಸರಿಟ್ಟು, ಗೃಹಸ್ಥನಿಗೆ ಅದನ್ನು ಪೂರ್ತಿಯಾಗಿ ನಿಷೇಧಿಸದೆ ಉಳಿಸಿದ ವಿವೇಚನೆ ಅದು. ಕತ್ತಿ ಹಿಡಿದವನು ತನ್ನ ಮೈಯನ್ನೂ ಒಡ್ಡಿರುತ್ತಾನೆ, ಯಾರನ್ನು ಏಕೆ ಹೊಡೆದೆನೆಂಬುದನ್ನು ಬಲ್ಲ. ಕತ್ತಿ ಕೊಟ್ಟು ಮನೆಯಲ್ಲಿ ಕುಳಿತವನು ಏನನ್ನೂ ಒಡ್ಡಿರುವುದಿಲ್ಲ, ಏನನ್ನೂ ತಿಳಿಯುವ ಕಷ್ಟಕ್ಕೆ ಹೋಗುವುದಿಲ್ಲ. ಆ ತಿಳಿಯದಿರುವಿಕೆಯನ್ನೇ ನಮ್ಮ ಕಾಲ ರಕ್ಷಾಕವಚ ಮಾಡಿಕೊಂಡಿದೆ. ಅಂತಿಮ ಬಳಕೆದಾರರ ಪ್ರಮಾಣಪತ್ರದ ನಿಜವಾದ ಉಪಯೋಗ, ಮುಂದಿನದನ್ನು ತಾನು ತಿಳಿದಿರಲಿಲ್ಲವೆಂದು ಹೇಳಲು ಮಾರಾಟಗಾರನಿಗೆ ಆಧಾರ ಒದಗಿಸುವುದು.

ನಮ್ಮ ನಾಡಿನ ವೀರಗಲ್ಲುಗಳನ್ನು ಓದಿದವರಿಗೆ ಒಂದು ಮಾತು ಹೊಳೆಯಬೇಕು. ತುರುಗೋಳಿನಲ್ಲಿ ಸತ್ತವನ ಹೆಸರು ಅಲ್ಲಿ ಇದೆ, ಊರಿನ ಹೆಸರಿದೆ, ಅರಸನ ಹೆಸರಿದೆ, ಕಲ್ಲು ಕಂಡರಿಸಿದ ರೂವಾರಿಯ ಹೆಸರೂ ಎಷ್ಟೋ ಕಡೆ ಇದೆ. ಕತ್ತಿಯನ್ನು ಕಾಸಿ ಬಡಿದವನ ಹೆಸರು ಇರುವುದಿಲ್ಲ. ಆ ಕಾಲಕ್ಕೆ ಅದು ಸಹಜ. ಕಮ್ಮಾರ ಅದೇ ಊರಿನವನು, ಎಲ್ಲರಿಗೂ ಗೊತ್ತಿದ್ದವನು. ಇಂದಿನ ಪರಿಸ್ಥಿತಿಯಲ್ಲಿ ಸತ್ತವನ ಹೆಸರೂ ಇಲ್ಲ, ಕಮ್ಮಾರನ ಹೆಸರೂ ಇಲ್ಲ. ಆದರೆ ಪ್ರತಿ ಬಂದೂಕಿನ ಮೈಮೇಲೂ ಕಾರ್ಖಾನೆಯ ಗುರುತು, ವರ್ಷ, ಕ್ರಮಸಂಖ್ಯೆ ಇವೆ. ಶಾಸನಶಾಸ್ತ್ರ ಓದಿದವರು ಓದಬಹುದಾದ ಲೋಹದ ಶಾಸನ ಅದು.

ಈಗ ನನಗೂ ನನ್ನ ಸಮಾಜಕ್ಕೂ ಮುಜುಗರವಾಗುವ ಸಂಗತಿಗೆ ಬರುತ್ತೇನೆ. ಅದನ್ನು ಬಿಟ್ಟು ಮೇಲಿನ ಗ್ರಂಥಗಳನ್ನು ಮಾತ್ರ ಹೆಸರಿಸಿದ್ದರೆ ಈ ಲೇಖನ ಅಪ್ರಾಮಾಣಿಕವಾಗುತ್ತಿತ್ತು. ಸಿಯೆರಾ ಲಿಯೋನಿನ ಬಂಡುಕೋರರು ಬಂದೂಕಿನ ಬೆಲೆಯನ್ನು ತೆತ್ತದ್ದು ವಜ್ರಗಳಿಂದ. ಲೈಬೀರಿಯಾದ ನೆಲದಲ್ಲಿ ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ ಕ್ಯಾರಟ್ ವಜ್ರ ಸಿಗಬಹುದೆಂದು ಅಂದಾಜು. 1994ರಿಂದ 1998ರವರೆಗೆ ‘ಲೈಬೀರಿಯಾದ್ದು’ ಎಂಬ ಹೆಸರಿನಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಪೇಟೆಗೆ ಬಂದದ್ದಾದರೋ 3 ಕೋಟಿ 10 ಲಕ್ಷ ಕ್ಯಾರಟ್‌ಗೂ ಹೆಚ್ಚು. ಈ ಅಂಕಿಗಳು ಆಗಲೇ ಪೇಟೆಯ ಲೆಕ್ಕಪುಸ್ತಕದಲ್ಲಿದ್ದವು. ಆಂಟ್‌ವರ್ಪಿನ ವಜ್ರವ್ಯಾಪಾರದಲ್ಲಿ ಗುಜರಾತಿನ ಪಾಲನಪುರದ ಜೈನ ಮನೆತನಗಳು ಎಷ್ಟು ಮುಖ್ಯವೆಂಬುದೂ, ಜಗತ್ತಿನ ವಜ್ರಗಳಲ್ಲಿ ಬಹುಪಾಲು ಸೂರತ್ತಿನಲ್ಲಿ ಸಾಣೆ ಹಿಡಿಸಿಕೊಳ್ಳುತ್ತವೆಂಬುದೂ ಎಲ್ಲರಿಗೂ ತಿಳಿದ ವಿಷಯ. ಯಾವ ವ್ಯಾಪಾರಿಯ ಮೇಲೂ ನಾನು ಬೆರಳು ತೋರಿಸುತ್ತಿಲ್ಲ. ತೋರಿಸಲು ಆಧಾರವೂ ಇಲ್ಲ. ಕಲ್ಲಿನ ಮೂಲವನ್ನು ವಿಚಾರಿಸುವ ಪದ್ಧತಿಯೇ ಅಂದು ಇರಲಿಲ್ಲ. ಕಿಂಬರ್ಲಿ ಪ್ರಮಾಣಪತ್ರದ ವ್ಯವಸ್ಥೆ ಜಾರಿಗೆ ಬಂದದ್ದು 2003ರಲ್ಲಿ, ಯುದ್ಧ ಮುಗಿದ ಮೇಲೆ. ನಾನು ಹೇಳುವುದಿಷ್ಟೇ: ರಾತ್ರಿಯೂಟದಲ್ಲಿ ಹುಳು ಬಿದ್ದೀತೆಂದು ಸೂರ್ಯ ಮುಳುಗುವ ಮುನ್ನ ಉಣ್ಣುವ, ನೀರನ್ನು ಸೋಸಿ ಕುಡಿಯುವ ಸಮಾಜ, ಕಲ್ಲನ್ನು ಸೋಸುವ ಕೆಲಸಕ್ಕೆ ಬೇರೆಯವರು ನಿಯಮ ಮಾಡುವವರೆಗೆ ಕಾಯಬಾರದಾಗಿತ್ತು. ಗಡಿಯಾಚೆಗೆ ಬಂದೂಕು ಹೋಗುವ ದಾರಿಯೂ ವಜ್ರ ಬರುವ ದಾರಿಯೂ ಒಂದೇ. ಒಂದು ತುದಿಯಲ್ಲಿ ನಿಂತವನು ಇನ್ನೊಂದು ತುದಿ ತನಗೆ ಸಂಬಂಧವಿಲ್ಲವೆನ್ನಲಾರ.

ಭಾರತ ಈ ಕಥೆಯಲ್ಲಿ ಬರಿಯ ಪ್ರೇಕ್ಷಕನಲ್ಲ. 1995ರ ಡಿಸೆಂಬರ್ 17ರ ರಾತ್ರಿ ಪಶ್ಚಿಮ ಬಂಗಾಳದ ಪುರುಲಿಯಾದ ಹಳ್ಳಿಗಳ ಮೇಲೆ ಲಾಟ್ವಿಯಾದ ವಿಮಾನವೊಂದು ನೂರಾರು ಎಕೆ–47 ಬಂದೂಕುಗಳನ್ನೂ ಅಪಾರ ಪ್ರಮಾಣದ ಗುಂಡುಗಳನ್ನೂ ಪ್ಯಾರಾಷೂಟ್ ಕಟ್ಟಿ ಉದುರಿಸಿ ಹೋಯಿತು. ಅವು ಬಲ್ಗೇರಿಯಾದಲ್ಲಿ ಖರೀದಿಯಾದವು. ಖರೀದಿಗೆ ತೋರಿಸಿದ ಅಂತಿಮ ಬಳಕೆದಾರರ ಪ್ರಮಾಣಪತ್ರದಲ್ಲಿದ್ದ ಹೆಸರು ಬಾಂಗ್ಲಾದೇಶದ್ದು. ವಾಗಡೂಗುವಿನ ಹಾಳೆಗೂ ಈ ಹಾಳೆಗೂ ವ್ಯತ್ಯಾಸ ಕಡಿಮೆ. ಮುಖ್ಯ ಆರೋಪಿ ಡೆನ್ಮಾರ್ಕಿಗೆ ತಪ್ಪಿಸಿಕೊಂಡ; ಅಲ್ಲಿನ ನ್ಯಾಯಾಲಯಗಳು ಹಸ್ತಾಂತರಕ್ಕೆ ಇಂದಿಗೂ ಒಪ್ಪಿಲ್ಲ. ಅನುಭವಿಸಿದ ದೇಶ ನಮ್ಮದು.

ಅಂತಹ ದೇಶ 2013ರ ಏಪ್ರಿಲ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದ ಮತಕ್ಕೆ ಬಂದಾಗ ಏನು ಮಾಡಿತು? 154 ದೇಶಗಳು ಪರವಾಗಿ ಮತ ಹಾಕಿದವು; ಇರಾನ್, ಉತ್ತರ ಕೊರಿಯ, ಸಿರಿಯಾ ವಿರೋಧಿಸಿದವು; ಮತ ಹಾಕದೆ ಉಳಿದ 23ರಲ್ಲಿ ರಷ್ಯ ಮತ್ತು ಚೀನಾಗಳ ಜೊತೆಗೆ ಭಾರತವೂ ಇತ್ತು. ನಮ್ಮ ಸರ್ಕಾರ ಕೊಟ್ಟ ಕಾರಣಗಳಲ್ಲಿ ಅರ್ಧ ನಿಜ ಎಂದು ಒಪ್ಪುತ್ತೇನೆ. ಒಪ್ಪಂದ ರಫ್ತು ಮಾಡುವ ದೇಶಗಳ ಕೈಗೆ ಹೆಚ್ಚು ಅಧಿಕಾರ ಕೊಡುತ್ತದೆ, ಕೊಳ್ಳುವ ದೇಶಗಳನ್ನು ಕಟ್ಟಿಹಾಕುತ್ತದೆ. ಭಯೋತ್ಪಾದಕರು ಮತ್ತು ಸರ್ಕಾರೇತರ ಪಡೆಗಳ ವಿಷಯದಲ್ಲಿ ದುರ್ಬಲವಾಗಿದೆ. ಆಗ ನಾವು ಬಹುಮಟ್ಟಿಗೆ ಕೊಳ್ಳುವವರಾಗಿದ್ದೆವು, ಆ ಮಾತಿಗೆ ತೂಕವಿತ್ತು. ಈಗ ಪರಿಸ್ಥಿತಿ ಬೇರೆ. 2023–24ರಲ್ಲಿ ಭಾರತದ ರಕ್ಷಣಾ ರಫ್ತು 21,083 ಕೋಟಿ ರೂಪಾಯಿ. 2024–25ರಲ್ಲಿ 23,622 ಕೋಟಿ. ಈ ಅಂಕಿಗಳನ್ನು ಸರ್ಕಾರ ಹೆಮ್ಮೆಯಿಂದ ಪ್ರಕಟಿಸುತ್ತದೆ, ಪತ್ರಿಕೆಗಳು ಅಷ್ಟೇ ಹೆಮ್ಮೆಯಿಂದ ಮುದ್ರಿಸುತ್ತವೆ. ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ಹೋಗಿ ಬಂದ ಮಕ್ಕಳು ಆಕಾಶದಲ್ಲಿ ಕಂಡ ಹೊಗೆಯ ಚಿತ್ತಾರವನ್ನು ವರ್ಣಿಸುತ್ತಾರೆ. ಕೆಳಗೆ ಮಂಟಪಗಳಲ್ಲಿ ಕುಳಿತವರು ಏನನ್ನು ಯಾರಿಗೆ ಮಾರುತ್ತಾರೆಂದು ದೊಡ್ಡವರೂ ಕೇಳುವುದಿಲ್ಲ.

ದೇಶ ತನ್ನ ರಕ್ಷಣೆಗೆ ತಾನೇ ಆಯುಧ ಮಾಡಿಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ. ಚಾವುಂಡರಾಯನ ಮಾತು ಹೇಳಿದ್ದು ಅದಕ್ಕಾಗಿಯೇ. ‘ನಾವು ಮಾರದಿದ್ದರೆ ಬೇರೆಯವರು ಮಾರುತ್ತಾರೆ’ ಎಂಬ ವಾದಕ್ಕೆ ಮಾತ್ರ ಆಕ್ಷೇಪವಿದೆ. ಅದು ಉಕ್ರೇನಿನ ಗೋದಾಮಿನವನೂ ಹೇಳಬಹುದಾಗಿದ್ದ ಮಾತು, ಬಲ್ಗೇರಿಯಾದವನೂ ಹೇಳಬಹುದಾಗಿದ್ದ ಮಾತು. ಎಲ್ಲರೂ ಹೇಳಿದ್ದರಿಂದಲೇ ಕೈಲಾಹುನ್‌ನಲ್ಲಿ ಗೂರ್ಖಾ ಸೈನಿಕರು 75 ದಿನ ಸಿಕ್ಕಿಬಿದ್ದರು. ಮಾರುವ ದೇಶ, ಸರಕು ತಲುಪಿದ ಆರು ತಿಂಗಳ ಮೇಲೆ ತನ್ನ ಅಧಿಕಾರಿಯನ್ನು ಕಳಿಸಿ ಪೆಟ್ಟಿಗೆಗಳನ್ನು ಎಣಿಸಿ ಬರುವುದು ಅಸಾಧ್ಯವಾದ ಕೆಲಸವಲ್ಲ. ಕೆಲವು ದೇಶಗಳು ಇಂತಹ ತಪಾಸಣೆಯನ್ನು ನಡೆಸುತ್ತಲೂ ಇವೆ. ವಾಗಡೂಗುವಿಗೆ ಒಬ್ಬನೇ ಒಬ್ಬ ಉಕ್ರೇನಿನ ಗುಮಾಸ್ತ ಹೋಗಿ ಉಗ್ರಾಣದ ಬಾಗಿಲು ತೆರೆಸಿದ್ದರೆ ಸಾಕಾಗಿತ್ತು. ನಾವು ಮಾರಿದ ಬಂದೂಕು, ಗುಂಡು, ಸಿಡಿಮದ್ದುಗಳಲ್ಲಿ ಎಷ್ಟು ರವಾನೆಗಳನ್ನು ನಮ್ಮವರು ಹೀಗೆ ಹೋಗಿ ಎಣಿಸಿದ್ದಾರೆ? ಕರ್ನಾಟಕದಿಂದ ಲೋಕಸಭೆಗೆ ಹೋದ 28 ಜನರಲ್ಲಿ ಒಬ್ಬರಾದರೂ ಈ ಪ್ರಶ್ನೆಯನ್ನು ಸದನದಲ್ಲಿ ಎತ್ತಲಿ, ಲಿಖಿತ ಉತ್ತರ ತರಲಿ.

ಆ ವಿಚಾರಸಂಕಿರಣದ ಯುವ ಸಂಶೋಧಕರಿಗೆ ಅಂದು ನಾನು ಪೂರ್ತಿಯಾಗಿ ಉತ್ತರ ಕೊಡಲಿಲ್ಲ. ಊಟದ ಹೊತ್ತಾಗಿತ್ತು, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದರು. ಇದು ಅಂತರರಾಷ್ಟ್ರೀಯ ರಾಜಕಾರಣದವರ ವಿಷಯ, ನಮ್ಮದಲ್ಲ ಎಂದೂ ಅವರು ಸೇರಿಸಿದ್ದರು. 2000ದ ಡಿಸೆಂಬರಿನ ಆ ವರದಿ ಇಂದಿಗೂ ಕನ್ನಡದಲ್ಲಿಲ್ಲ. ಅದನ್ನು ಅನುವಾದಿಸುವವರಿಗೆ ಮೊದಲ ಪುಟದಲ್ಲಿಯೇ ಒಂದು ತೊಡಕು ಎದುರಾಗುತ್ತದೆ: ಸಕ್ರಮವಾಗಿ ಹೊರಟು ಅಕ್ರಮವಾಗಿ ತಲುಪುವ ಈ ವ್ಯಾಪಾರಕ್ಕೆ ಕನ್ನಡದಲ್ಲಿ ಏನೆನ್ನಬೇಕು? ‘ಕಳ್ಳಸಾಗಣೆ’ ಎಂದು ಬರೆಯದಿರಲಿ. ‘ಹಿಂಸಾದಾನ’ ಎಂಬ ಪದ ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ನಮ್ಮ ಶಾಸ್ತ್ರಗ್ರಂಥಗಳಲ್ಲಿ ಇದೆ.